ಆರು ಸಾವಿರ ರೂಪಾಯಿಯ ‘ದೇಶ ಹೋಲಿಕೆ ವರದಿ’: ಪುಣೆಯ ಒಂದು ವಿದೇಶಿ ಶಿಕ್ಷಣ ಸಲಹಾ ಕೇಂದ್ರದ ಸೇವೆ ಹೇಗಿದೆ?

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಈ ವಿದೇಶಿ ಶಿಕ್ಷಣ ಸಲಹಾ ಕೇಂದ್ರವು ಮೊದಲ ಭೇಟಿಯ ಸಲಹೆಗೆ ಹಣ ಕೇಳುವುದಿಲ್ಲ. ಹಣ ಕೇಳುವುದು ಎರಡು ಕೆಲಸಗಳಿಗೆ ಮಾತ್ರ. ಒಂದು, ಅರ್ಜಿಯ ದಾಖಲೆಗಳನ್ನು ಪರಿಶೀಲಿಸಿ ಸಿದ್ಧಪಡಿಸಿ ಕೊಡುವುದು. ಇನ್ನೊಂದು, ಯಾವ ದೇಶಕ್ಕೆ ಹೋಗುವುದು ಲೇಸು ಎಂದು ಅಂಕಿಅಂಶಗಳ ಸಮೇತ ತಿಳಿಸುವ ‘ದೇಶ ಹೋಲಿಕೆ ವರದಿ’. ವರದಿಗೆ ತೆರಿಗೆ ಬಿಟ್ಟು ಆರು ಸಾವಿರ ರೂಪಾಯಿ. ನನ್ನ ಅಕ್ಕನ ಮಗಳು ಧಾರವಾಡದಲ್ಲಿ ಇಂಜಿನಿಯರಿಂಗ್ ಮುಗಿಸಿ, ಈಗ ಹಿಂಜವಡಿಯಲ್ಲಿ ಕೆಲಸ ಮಾಡುತ್ತ, ಮುಂದಿನ ವರ್ಷ ಸ್ನಾತಕೋತ್ತರ ಪದವಿಗಾಗಿ ಹೊರದೇಶಕ್ಕೆ ಹೋಗುವ ಯೋಚನೆಯಲ್ಲಿದ್ದಾಳೆ. ಅವಳಿಗಾಗಿ ನಾವು ಎರಡೂ ಸೇವೆಗಳನ್ನು ಪಡೆದೆವು. ಕೇಂದ್ರದ ಹೆಸರನ್ನು ಬೇಕೆಂದೇ ಬರೆದಿಲ್ಲ. ಇದೇ ಅಚ್ಚಿನ ವರದಿಗಳನ್ನು ಮಾರುವವರು ಡೆಕ್ಕನ್ ಜಿಮ್‌ಖಾನಾದಿಂದ ಔಂಧ್‌ವರೆಗೆ ಹಲವರಿದ್ದು, ಒಬ್ಬರನ್ನು ಎತ್ತಿ ತೋರಿಸಿ ಉಳಿದವರನ್ನು ಬಿಟ್ಟಂತಾಗಬಾರದು ಎಂಬುದು ಅದಕ್ಕೆ ಕಾರಣ. ದಾಖಲೆಗಳ ಸೇವೆ ಕೊಟ್ಟ ಹಣಕ್ಕೆ ತಕ್ಕುದಾಗಿದೆ, ಹೋಲಿಕೆಯ ವರದಿ ಅಲ್ಲ ಎಂಬುದು ನನ್ನ ತೀರ್ಮಾನ. ವರದಿಯ ವಿಷಯವನ್ನೇ ಇಲ್ಲಿ ಹೆಚ್ಚು ಬರೆಯುತ್ತೇನೆ, ಏಕೆಂದರೆ ಸಾಲ ಮಾಡಿ ಮಕ್ಕಳನ್ನು ಕಳುಹಿಸುವ ತಂದೆತಾಯಂದಿರು ನಂಬುವುದು ಅದರಲ್ಲಿನ ಬಣ್ಣದ ಚಿತ್ರಗಳನ್ನೇ.

ಕಚೇರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ವಚ್ಛವಾಗಿದೆ, ಹೇಳಿದ ಹೊತ್ತಿಗೆ ಕರೆಯುತ್ತಾರೆ. ನಮಗೆ ಸಿಕ್ಕ ಸಲಹೆಗಾರ ಬೆಳಗಾವಿ ಕಡೆಯ ಹುಡುಗನಾದ್ದರಿಂದ ಮರಾಠಿಯಲ್ಲಿ ಆರಂಭವಾದ ಮಾತು ಬೇಗನೆ ಕನ್ನಡಕ್ಕೆ ಬಂತು.

ವರದಿ ಸುರುಳಿ ತಂತಿ ಹಾಕಿ ಹೊಲಿದ, ನುಣುಪು ಕಾಗದದ ಪುಸ್ತಕ. ರಕ್ಷಾಪುಟದ ಮೇಲೆ ವಿದ್ಯಾರ್ಥಿನಿಯ ಹೆಸರನ್ನು ಅಚ್ಚು ಹಾಕಿಸಿ ಕೊಡುತ್ತಾರೆ, ಒಳಗಿನ ಪುಟಗಳು ಎಲ್ಲರಿಗೂ ಒಂದೇ. ಮೊದಲ ಅಧ್ಯಾಯದಲ್ಲಿಯೇ ಯಾವ ದೇಶದಲ್ಲಿ ಎಷ್ಟು ವಿದೇಶಿ ವಿದ್ಯಾರ್ಥಿಗಳು ಎಂದು ತೋರಿಸುವ, ಎರಡು ಪುಟಗಳಿಗೆ ಹರಡಿಕೊಂಡ ಸ್ತಂಭಚಿತ್ರವೊಂದಿದೆ. ಅಮೆರಿಕ 11.27 ಲಕ್ಷ, ಕೆನಡಾ 10.4 ಲಕ್ಷ, ಆಸ್ಟ್ರೇಲಿಯ 9.75 ಲಕ್ಷ, ಬ್ರಿಟನ್ 7.3 ಲಕ್ಷ, ಜರ್ಮನಿ 3.8 ಲಕ್ಷ. ಕೆಳಗೆ, ‘ಜಗತ್ತಿನ ವಿದ್ಯಾರ್ಥಿಗಳು ಆರಿಸಿಕೊಂಡ ವಿಶ್ವವಿದ್ಯಾಲಯಗಳು’ ಎಂಬರ್ಥದ ಒಂದು ಸಾಲು. ಈ ಐದು ಕಂಬಗಳ ಎತ್ತರವನ್ನೇ ನೆಚ್ಚಿಕೊಂಡು ಮುಂದಿನ ಪುಟಗಳಲ್ಲಿ ದೇಶಗಳಿಗೆ ಅಂಕಗಳನ್ನು ಕೊಡಲಾಗಿದೆ. ನಾನು ವೃತ್ತಿಯಿಂದ ಲೆಕ್ಕಪತ್ರ ತಪಾಸಣೆಯವನು. ಸಂಖ್ಯೆ ಸರಿಯಿದೆಯೇ ಎನ್ನುವುದಕ್ಕಿಂತ ಮೊದಲು ಅದು ಯಾವುದರ ಸಂಖ್ಯೆ ಎಂದು ಕೇಳುವುದು ನಮ್ಮ ಕಸುಬಿನ ರೂಢಿ. ಹಾಗೆ ಕೇಳಿದಾಗ ಸಲಹೆಗಾರ ಕೊಟ್ಟ ಉತ್ತರ ಇಷ್ಟೇ: “ಎಲ್ಲಾ ಆಯಾ ದೇಶದ ಸರ್ಕಾರದ್ದ ಡೇಟಾ ಐತ್ರಿ ಸರ, ನಾವು ಕೈಯಿಂದ ಒಂದೂ ಹಾಕಿಲ್ರಿ.” ಮಾತು ನಿಜ. ಒಂದೊಂದು ಸಂಖ್ಯೆಯೂ ಅಧಿಕೃತವೇ. ಆದರೆ ಒಂದು ಮದುವೆಯಲ್ಲಿ ಎತ್ತಿದ ಎಲೆಗಳನ್ನೂ, ಇನ್ನೊಂದರಲ್ಲಿ ಹಂಚಿದ ಲಗ್ನಪತ್ರಿಕೆಗಳನ್ನೂ, ಮತ್ತೊಂದರಲ್ಲಿ ಮುಹೂರ್ತದ ಹೊತ್ತಿಗೆ ಮಂಟಪದಲ್ಲಿದ್ದ ತಲೆಗಳನ್ನೂ ಎಣಿಸಿ, ಯಾವ ಮದುವೆಗೆ ಹೆಚ್ಚು ಜನ ಬಂದಿದ್ದರು ಎಂದು ತೀರ್ಪು ಕೊಟ್ಟಂತೆ ಈ ಚಿತ್ರವಿದೆ.

ಅಮೆರಿಕದಿಂದಲೇ ತೊಡಗೋಣ. ಅಲ್ಲಿನ ಸಂಖ್ಯೆ ಬರುವುದು ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಎಜುಕೇಶನ್ ಸಂಸ್ಥೆಯು ಅಲ್ಲಿನ ವಿದೇಶಾಂಗ ಇಲಾಖೆಯ ನೆರವಿನಿಂದ ಪ್ರತಿ ನವೆಂಬರಿನಲ್ಲಿ ಹೊರತರುವ ಓಪನ್ ಡೋರ್ಸ್ ವರದಿಯಿಂದ. 2023-24ರ ಒಟ್ಟು 11,26,690. ಇದರೊಳಗೆ ಓದು ಮುಗಿಸಿ, ಅದೇ ವಿದ್ಯಾರ್ಥಿ ವೀಸಾದ ಮೇಲೆ ಕಂಪನಿಗಳಲ್ಲಿ ಕೆಲಸ ಮಾಡುತ್ತಿರುವ, ಓಪಿಟಿ ಎಂದು ಎಲ್ಲರೂ ಕರೆಯುವ ವ್ಯವಸ್ಥೆಯಲ್ಲಿರುವ 2,42,782 ಮಂದಿಯೂ ಸೇರಿದ್ದಾರೆ. ಅಂದರೆ ನೂರಕ್ಕೆ ಇಪ್ಪತ್ತೊಂದಕ್ಕಿಂತ ಹೆಚ್ಚು ಮಂದಿ ತರಗತಿಯಲ್ಲಿ ಕುಳಿತವರೇ ಅಲ್ಲ. 2024-25ರಲ್ಲಿ ಒಟ್ಟು ಸಂಖ್ಯೆ 11,77,766ಕ್ಕೆ ಏರಿತು. ಓಪಿಟಿಯವರು 2,94,253 ಆದರು, ಅಂದರೆ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು. ಅದೇ ವರ್ಷ ಹೊಸದಾಗಿ ಸೇರಿದವರ ಸಂಖ್ಯೆ ಮಾತ್ರ ಶೇ. 7ರಷ್ಟು ಇಳಿಯಿತು. ಒಟ್ಟು ಏರಿಕೆ, ಹೊಸಬರಲ್ಲಿ ಇಳಿಕೆ: ಎರಡೂ ಒಂದೇ ವರದಿಯಲ್ಲಿರುವ ಸಂಗತಿಗಳು. ಹಿಂದೆ ಸೇರಿದ ದೊಡ್ಡ ತಂಡಗಳು ಓದು ಮುಗಿಸಿ ಓಪಿಟಿಗೆ ಸರಿದಿದ್ದರಿಂದ ಒಟ್ಟು ಉಬ್ಬಿಕೊಂಡೇ ಉಳಿಯಿತು. ಭಾರತೀಯರ ಮಟ್ಟಿಗೆ ಇದು ಇನ್ನೂ ಸ್ಪಷ್ಟ. 2024-25ರಲ್ಲಿ ಅಮೆರಿಕದಲ್ಲಿದ್ದ 3,63,019 ಭಾರತೀಯ ವಿದ್ಯಾರ್ಥಿಗಳ ಪೈಕಿ ಸುಮಾರು 1.44 ಲಕ್ಷ ಮಂದಿ ಓಪಿಟಿಯಲ್ಲಿದ್ದವರು, ಸ್ನಾತಕೋತ್ತರ ತರಗತಿಗಳಲ್ಲಿದ್ದ ಭಾರತೀಯರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕಡಿಮೆಯಾಗಿತ್ತು. ಮುಂದಿನ ವರ್ಷ ಸೇರಬೇಕೆಂದಿರುವ ಹುಡುಗಿಗೆ ತಿಳಿಯಬೇಕಾದದ್ದು ಹೊಸಬರ ಸಾಲು. ವರದಿ ಕೊಟ್ಟದ್ದು ಒಟ್ಟಿನ ಸಾಲು.

ಕೆನಡಾದ 10.4 ಲಕ್ಷ ಬೇರೆಯೇ ಜಾತಿಯ ಎಣಿಕೆ. ಅದು 2023ರ ಡಿಸೆಂಬರ್ 31ರಂದು ಚಾಲ್ತಿಯಲ್ಲಿದ್ದ ಅಧ್ಯಯನ ಪರವಾನಗಿಗಳನ್ನು ಹೊಂದಿದ್ದವರ ಸಂಖ್ಯೆ. ವಿಶ್ವವಿದ್ಯಾಲಯದವರು, ಡಿಪ್ಲೊಮಾ ಕೊಡುವ ಕಾಲೇಜುಗಳವರು, ಶಾಲಾಮಕ್ಕಳು ಎಲ್ಲರೂ ಅದರಲ್ಲಿದ್ದಾರೆ. ಓದು ಮುಗಿಸಿ ಕೆಲಸದ ಪರವಾನಗಿಗೆ ಬದಲಾದವರು ಮಾತ್ರ ಅದರಿಂದ ಹೊರಗೆ ಹೋಗುತ್ತಾರೆ. ಅಮೆರಿಕದ ಪಟ್ಟಿ ಅಂಥವರನ್ನು ಒಳಗಿಟ್ಟುಕೊಂಡಿದೆ, ಕೆನಡಾದ ಪಟ್ಟಿ ಹೊರಗೆ ಬಿಟ್ಟಿದೆ. ಅಮೆರಿಕದ್ದು ಉನ್ನತ ಶಿಕ್ಷಣಕ್ಕೆ ಸೀಮಿತ, ಕೆನಡಾದ್ದು ಶಾಲೆಯನ್ನೂ ಒಳಗೊಂಡದ್ದು. ಇವೆರಡು ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಂತಿರುವುದನ್ನು ನೋಡಿ ಎರಡು ದೇಶಗಳ ವಿಶ್ವವಿದ್ಯಾಲಯಗಳು ಸಮಸಮ ಎಂದು ತಿಳಿಯಲು ಯಾವ ಆಧಾರವೂ ಇಲ್ಲ. ಇನ್ನೂ ಒಂದು ಮಾತಿದೆ. ಆ ಡಿಸೆಂಬರಿನ ಮರುತಿಂಗಳೇ, ಅಂದರೆ 2024ರ ಜನವರಿಯಲ್ಲಿ, ಕೆನಡಾ ಸರ್ಕಾರ ಹೊಸ ಪರವಾನಗಿಗಳಿಗೆ ಮಿತಿ ಹಾಕಿ, ಆ ವರ್ಷಕ್ಕೆ ಸುಮಾರು 3.6 ಲಕ್ಷ ಎಂದು ಘೋಷಿಸಿತು. ಜೀವನ ವೆಚ್ಚಕ್ಕೆ ತೋರಿಸಬೇಕಾದ ಹಣವನ್ನು 10,000ದಿಂದ 20,635 ಕೆನಡಾ ಡಾಲರಿಗೆ ಏರಿಸಿತು; 2025ರ ಸೆಪ್ಟೆಂಬರಿನಿಂದ ಅದು 22,895 ಆಗಿದೆ. ನಮ್ಮ ಕಡೆಯವರು ಹೆಚ್ಚಾಗಿ ಬಳಸುತ್ತಿದ್ದ ಎಸ್‌ಡಿಎಸ್ ಎಂಬ ತ್ವರಿತ ದಾರಿಯನ್ನು 2024ರ ನವೆಂಬರಿನಲ್ಲಿ ಮುಚ್ಚಿತು. ಬಾಗಿಲು ಕಿರಿದಾಗುವ ಮುನ್ನಿನ ದಿನದ ಜನಸಂದಣಿಯನ್ನು ತೋರಿಸಿ, ಇಲ್ಲಿಗೆ ಬನ್ನಿ ಎಂದು ಕರೆಯುವ ಪುಟಕ್ಕೆ ಹಣ ಕೊಟ್ಟಂತಾಯಿತು.

ಆಸ್ಟ್ರೇಲಿಯದ ಕಂಬ ಇವೆಲ್ಲಕ್ಕಿಂತ ತಪ್ಪು. ಅಲ್ಲಿನ ಶಿಕ್ಷಣ ಇಲಾಖೆ ಪ್ರತ್ಯೇಕವಾಗಿ ಪ್ರಕಟಿಸುವ ಎರಡು ಲೆಕ್ಕಗಳಿವೆ: ಒಂದು ತಲೆಗಳ ಲೆಕ್ಕ, ಇನ್ನೊಂದು ದಾಖಲಾತಿಗಳ ಲೆಕ್ಕ. ಒಬ್ಬನೇ ವಿದ್ಯಾರ್ಥಿ ಒಂದೇ ವರ್ಷದಲ್ಲಿ ಮೊದಲು ಇಂಗ್ಲಿಷ್ ಭಾಷಾ ತರಗತಿಗೆ, ಆಮೇಲೆ ಡಿಪ್ಲೊಮಾಕ್ಕೆ ಸೇರಿದರೆ ದಾಖಲಾತಿ ಎರಡು, ತಲೆ ಒಂದೇ. 2023ರಲ್ಲಿ ದಾಖಲಾತಿಗಳು ಸುಮಾರು 9.75 ಲಕ್ಷ, ವಿದ್ಯಾರ್ಥಿಗಳು ಸುಮಾರು 7.87 ಲಕ್ಷ. ವರದಿಯವರು ದಾಖಲಾತಿಯನ್ನು ಎತ್ತಿ ಉಳಿದ ನಾಲ್ಕು ದೇಶಗಳ ತಲೆಗಳ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ತಲೆಗಳ ಲೆಕ್ಕದಲ್ಲಿಯೂ ವೃತ್ತಿ ತರಬೇತಿ, ಭಾಷಾ ಶಾಲೆ, ಪ್ರೌಢಶಾಲೆಗಳವರು ಸೇರಿರುತ್ತಾರೆ ಎಂಬುದನ್ನು ಹೇಳಿಯೇ ಇಲ್ಲ. ನಾನು ಇದನ್ನು ತೋರಿಸಿದಾಗ ಸಲಹೆಗಾರ ಸುಮ್ಮನೆ ಪುಟ ತಿರುಗಿಸಿ, ಅಚ್ಚು ಹಾಕುವಲ್ಲಿ ಆಗಿರಬೇಕು ಎಂದ. ಅಚ್ಚಿನ ದೋಷವಾದರೆ ಅಂಕಿಯೊಂದು ತಿರುಚಿಕೊಳ್ಳುತ್ತದೆ, ಬೇರೊಂದು ಕೋಷ್ಟಕ ಬಂದು ಕೂರುವುದಿಲ್ಲ.

ಬ್ರಿಟನ್ನಿನ ಸಂಖ್ಯೆಯನ್ನು ಇಟ್ಟುಕೊಳ್ಳುವುದು ಹೆಸಾ ಎಂಬ ಸಂಸ್ಥೆ. 2022-23ರಲ್ಲಿ 7,58,855 ಇದ್ದದ್ದು 2023-24ರಲ್ಲಿ 7,32,285ಕ್ಕೆ ಇಳಿಯಿತು. ಇದು ಉನ್ನತ ಶಿಕ್ಷಣದ್ದು ಮಾತ್ರ. ಪಾಸ್‌ಪೋರ್ಟ್ ಯಾವ ದೇಶದ್ದು ಎನ್ನುವುದಲ್ಲ, ಸೇರುವ ಮೊದಲು ಕಾಯಂ ವಾಸ ಎಲ್ಲಿತ್ತು ಎನ್ನುವುದು ಇಲ್ಲಿ ಅಳತೆಗೋಲು. ಶೈಕ್ಷಣಿಕ ವರ್ಷದುದ್ದಕ್ಕೂ ಇದ್ದವರನ್ನು ಎಣಿಸುತ್ತಾರೆಯೇ ಹೊರತು ಒಂದು ದಿನದ ಹಾಜರಿಯನ್ನಲ್ಲ. ಗುರುಗ್ರಾಮದಲ್ಲಿ 2025ರಲ್ಲಿ ಆರಂಭವಾದ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಂಥ ಕಡೆ, ತಮ್ಮ ದೇಶದಲ್ಲಿಯೇ ಇದ್ದು ಬ್ರಿಟಿಷ್ ಪದವಿ ಪಡೆಯುವವರು ಈ ಲೆಕ್ಕಕ್ಕೆ ಬರುವುದಿಲ್ಲ, ಅವರಿಗೆ ಬೇರೆ ಪುಸ್ತಕವಿದೆ. ಆದರೆ ಬ್ರಿಟನ್ನಿನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೋರ್ಸಿನ ಅವಧಿ. ಅಲ್ಲಿ ಸ್ನಾತಕೋತ್ತರ ಪದವಿ ಹೆಚ್ಚಾಗಿ ಒಂದೇ ವರ್ಷದ್ದು, ಅಮೆರಿಕದಲ್ಲಿಯೂ ಜರ್ಮನಿಯಲ್ಲಿಯೂ ಸಾಮಾನ್ಯವಾಗಿ ಎರಡು ವರ್ಷದ್ದು. ಎರಡು ದೇಶಗಳಿಗೂ ವರ್ಷಕ್ಕೆ ತಲಾ ಒಂದು ಲಕ್ಷ ಮಂದಿ ಸ್ನಾತಕೋತ್ತರಕ್ಕೆ ಬರುತ್ತಾರೆಂದು ಇಟ್ಟುಕೊಂಡರೆ, ಒಂದು ವರ್ಷದ ಕೋರ್ಸಿನ ದೇಶದ ಪಟ್ಟಿಯಲ್ಲಿ ಒಂದು ಲಕ್ಷ, ಎರಡು ವರ್ಷದ ಕೋರ್ಸಿನ ದೇಶದ ಪಟ್ಟಿಯಲ್ಲಿ ಎರಡು ಲಕ್ಷ ಕಾಣುತ್ತದೆ. ಬರುವವರು ಅಷ್ಟೇ, ಉಳಿಯುವ ಕಾಲ ಮಾತ್ರ ಬೇರೆ. ನೀತಿ ಬದಲಾದಾಗ ಒಂದು ವರ್ಷದ ಕೋರ್ಸಿನ ದೇಶದಲ್ಲಿ ಇಳಿಕೆ ಕೂಡಲೇ ಕಾಣುವುದೂ ಇದೇ ಕಾರಣಕ್ಕೆ: 2024ರ ಜನವರಿಯಿಂದ ಬ್ರಿಟನ್ ಸ್ನಾತಕೋತ್ತರ ಬೋಧನಾ ಕೋರ್ಸುಗಳವರಿಗೆ ಕುಟುಂಬವನ್ನು ಕರೆತರಲು ಅವಕಾಶ ನಿಲ್ಲಿಸಿತು, ಆ ಶೈಕ್ಷಣಿಕ ವರ್ಷದ ಸಂಖ್ಯೆಯಲ್ಲಿಯೇ ಇಳಿಕೆ ದಾಖಲಾಯಿತು.

ಜರ್ಮನಿಯವರು ತಮ್ಮ ದೇಶವನ್ನು ಸಣ್ಣದಾಗಿ ತೋರಿಸಿಕೊಳ್ಳುವ ಮಟ್ಟಿಗೆ ಎಚ್ಚರಿಕೆಯಿಂದ ಎಣಿಸುತ್ತಾರೆ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ವಿದೇಶಿ ಪೌರತ್ವದ ವಿದ್ಯಾರ್ಥಿಗಳು ಒಟ್ಟು ಸುಮಾರು 4.7 ಲಕ್ಷ ಇದ್ದರು. ಅವರಲ್ಲಿ ಜರ್ಮನಿಯಲ್ಲಿಯೇ ಶಾಲೆ ಓದಿದ ವಲಸಿಗರ ಮಕ್ಕಳನ್ನು ತೆಗೆದುಹಾಕಿ, ಓದಿಗಾಗಿಯೇ ಹೊರಗಿನಿಂದ ಬಂದವರು ಸುಮಾರು 3.8 ಲಕ್ಷ ಎಂದು ಪ್ರತ್ಯೇಕಿಸುತ್ತಾರೆ. ವರದಿಯಲ್ಲಿರುವುದು ಈ ಚಿಕ್ಕ ಸಂಖ್ಯೆ. ಎಲ್ಲರಿಗಿಂತ ಕಟ್ಟುನಿಟ್ಟಾಗಿ ಲೆಕ್ಕ ಇಟ್ಟ ದೇಶ ಚಿತ್ರದಲ್ಲಿ ಎಲ್ಲರಿಗಿಂತ ಗಿಡ್ಡವಾಗಿ ನಿಂತಿದೆ, ಎಲ್ಲರಿಗಿಂತ ಧಾರಾಳವಾಗಿ ಎಣಿಸಿದ ಕೋಷ್ಟಕದಿಂದ ಆಸ್ಟ್ರೇಲಿಯ ಎತ್ತರಕ್ಕೆ ಬೆಳೆದಿದೆ.

ಇಂಥ ಗೊಂದಲವನ್ನು ಕಡಿಮೆ ಮಾಡಲೆಂದೇ ಯುನೆಸ್ಕೊ ಸಂಸ್ಥೆಯ ಅಂಕಿಅಂಶ ವಿಭಾಗ ಮತ್ತು ಆರ್ಥಿಕ ಸಹಕಾರಕ್ಕಾಗಿ ಇರುವ ದೇಶಗಳ ಕೂಟವಾದ ಒಇಸಿಡಿ ಒಂದೇ ವ್ಯಾಖ್ಯೆಯನ್ನು ಇಟ್ಟುಕೊಂಡು ದೇಶಗಳಿಂದ ಮಾಹಿತಿ ಕೇಳುತ್ತವೆ. ಓದುವ ಉದ್ದೇಶದಿಂದ ಗಡಿ ದಾಟಿ ಬಂದು ಪೂರ್ಣ ಪದವಿಗೆ ಸೇರಿದವರನ್ನು ಎಣಿಸಿ, ಒಂದೆರಡು ಸೆಮಿಸ್ಟರ್ ವಿನಿಮಯಕ್ಕೆ ಬಂದವರನ್ನು ಬಿಡುವುದು ಅದರ ತಿರುಳು. ಆ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನಲ್ಲಿ ಸುಮಾರು 69 ಲಕ್ಷ ಮಂದಿ ಹೊರದೇಶದಲ್ಲಿ ಓದುತ್ತಿದ್ದರು. ಈ ಮಾಹಿತಿ ಎರಡು ವರ್ಷ ಹಿಂದೆ ಉಳಿದಿರುತ್ತದೆ ಎಂಬ ಕೊರತೆ ಇದೆ, ಒಪ್ಪುತ್ತೇನೆ. ಆದರೂ ದೇಶದಿಂದ ದೇಶಕ್ಕೆ ಹೋಲಿಸಬೇಕಾದರೆ ಹಳೆಯದಾದ ಒಂದೇ ಅಳತೆ, ಹೊಸದಾದ ಐದು ಅಳತೆಗಳಿಗಿಂತ ಮೇಲು. ಆರು ಸಾವಿರ ತೆಗೆದುಕೊಳ್ಳುವವರು, ಯಾರು ಬೇಕಾದರೂ ಉಚಿತವಾಗಿ ತೆರೆದು ನೋಡಬಹುದಾದ ಆ ಕೋಷ್ಟಕವನ್ನು ತೆರೆಯದೆ ಹೋದದ್ದು ಆಶ್ಚರ್ಯ.

ಇನ್ನು ಕಂಬಗಳ ಎತ್ತರವೇ ವಿದ್ಯಾರ್ಥಿಗೆ ಎಷ್ಟು ಉಪಯೋಗ? ಅಮೆರಿಕದಲ್ಲಿ ವಿದೇಶಿಯರು ಒಟ್ಟು ವಿದ್ಯಾರ್ಥಿಗಳಲ್ಲಿ ಶೇ. 6ರಷ್ಟು ಮಾತ್ರ. ಬ್ರಿಟನ್ನಿನಲ್ಲಿ ನಾಲ್ಕರಲ್ಲೊಬ್ಬರು ಹೊರಗಿನವರು. ಪುಟ್ಟ ಲಕ್ಸೆಂಬರ್ಗಿನಲ್ಲಿ ಅರ್ಧದಷ್ಟು ಮಂದಿ ಹೊರಗಿನವರೇ, ಆದರೆ ಅದಕ್ಕೆ ಈ ಚಿತ್ರದಲ್ಲಿ ಜಾಗವೇ ಇಲ್ಲ. ಸರಾಸರಿ ಪಾಲು ಸಹ ಪೂರ್ತಿ ಕಥೆ ಹೇಳುವುದಿಲ್ಲ; ಸ್ನಾತಕೋತ್ತರ ತರಗತಿಗಳಲ್ಲಿ ವಿದೇಶಿಯರ ಪಾಲು ಪದವಿ ತರಗತಿಗಳಿಗಿಂತ ಸಾಮಾನ್ಯವಾಗಿ ಬಹಳ ಹೆಚ್ಚು. ತರಗತಿಯಲ್ಲಿ ಸ್ಥಳೀಯರು ಎಷ್ಟು, ವಿಭಾಗದ ಖರ್ಚು ಹೊರಗಿನವರ ಶುಲ್ಕದ ಮೇಲೆ ಎಷ್ಟು ನಿಂತಿದೆ, ನೀತಿ ಬದಲಾದರೆ ಆ ವಿಭಾಗ ಉಳಿದೀತೇ, ಇಂಥವು ನನ್ನ ಅಕ್ಕನ ಮಗಳು ಕೇಳಿದ ಪ್ರಶ್ನೆಗಳು. “ಮಾಮಾ, ಇದರಾಗ ನಾನು ಸೇರೋ ಡಿಪಾರ್ಟ್‌ಮೆಂಟ್ ಬಗ್ಗೆ ಒಂದ ಸಾಲೂ ಇಲ್ಲಲ್ಲ” ಎಂದಳು. ವರದಿ ದೇಶದ ಮಟ್ಟದಲ್ಲಿಯೇ ನಿಂತುಬಿಡುತ್ತದೆ.

ಭಾರತೀಯರು ಎಲ್ಲಿಗೆ ಹೋಗುತ್ತಾರೆ ಎಂಬ ಅಧ್ಯಾಯ ಇನ್ನಷ್ಟು ಅಜಾಗರೂಕವಾಗಿದೆ. ನಮ್ಮ ವಿದೇಶಾಂಗ ಸಚಿವಾಲಯ 2024ರಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ಹೊರದೇಶಗಳಲ್ಲಿ ಓದುತ್ತಿರುವ ಭಾರತೀಯರು 13.3 ಲಕ್ಷಕ್ಕಿಂತ ಹೆಚ್ಚು, ಕೆನಡಾದಲ್ಲಿ 4.27 ಲಕ್ಷ, ಅಮೆರಿಕದಲ್ಲಿ 3.37 ಲಕ್ಷ, ಬ್ರಿಟನ್ನಿನಲ್ಲಿ 1.85 ಲಕ್ಷ, ಆಸ್ಟ್ರೇಲಿಯದಲ್ಲಿ 1.22 ಲಕ್ಷ, ಜರ್ಮನಿಯಲ್ಲಿ 42,997. ಕೊನೆಯ ಸಂಖ್ಯೆ 2022-23ರ ಚಳಿಗಾಲದ ಸೆಮಿಸ್ಟರಿನದು; ಮರುವರ್ಷವೇ ಅದು 49,483 ಆಗಿ, ಜರ್ಮನಿಯಲ್ಲಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರದೇ ದೊಡ್ಡ ತಂಡವಾಗಿತ್ತು. ಒಂದೇ ಪಟ್ಟಿಯಲ್ಲಿ ಬೇರೆ ಬೇರೆ ವರ್ಷಗಳ, ಬೇರೆ ಬೇರೆ ವ್ಯಾಖ್ಯೆಗಳ ಸಂಖ್ಯೆಗಳು ಹೇಗೆ ಕುಳಿತಿರುತ್ತವೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ವರದಿಯ ಇನ್ನೊಂದು ಪುಟದಲ್ಲಿ ವಲಸೆ ಬ್ಯೂರೊದ ಸಂಖ್ಯೆಗಳಿವೆ: 2023ರಲ್ಲಿ 8.92 ಲಕ್ಷ, 2024ರಲ್ಲಿ 7.59 ಲಕ್ಷ. ಇವು ಆ ವರ್ಷ ವಿಮಾನ ಹತ್ತುವಾಗ ಪ್ರಯಾಣದ ಉದ್ದೇಶ ಶಿಕ್ಷಣ ಎಂದು ತಿಳಿಸಿದವರ ನಿರ್ಗಮನಗಳು. ಅಲ್ಲಿ ಈಗಾಗಲೇ ಇರುವವರ ಸಂಖ್ಯೆ ಒಂದು, ಇಲ್ಲಿಂದ ಹೊರಟವರ ಸಂಖ್ಯೆ ಇನ್ನೊಂದು. ವರದಿಯವರು 13.3 ಲಕ್ಷವನ್ನೂ 7.59 ಲಕ್ಷವನ್ನೂ ‘ವಿದೇಶದಲ್ಲಿರುವ ಭಾರತೀಯ ವಿದ್ಯಾರ್ಥಿಗಳು’ ಎಂಬ ಒಂದೇ ತಲೆಬರಹದಡಿ, ನಾಲ್ಕು ಪುಟಗಳ ಅಂತರದಲ್ಲಿ ಅಚ್ಚು ಹಾಕಿದ್ದಾರೆ. ಬ್ಯಾಲೆನ್ಸ್ ಶೀಟಿನಲ್ಲಿ ಯಾರಾದರೂ ಹೀಗೆ ಮಾಡಿದರೆ ನಾನು ಸಹಿ ಹಾಕುವುದಿಲ್ಲ.

ಪುಟಗಳ ಹಂಚಿಕೆಯೂ ಒಂದು ಮಾತು ಹೇಳುತ್ತದೆ. ಬ್ರಿಟನ್ ಮತ್ತು ಆಸ್ಟ್ರೇಲಿಯಗಳಿಗೆ ಪುಟಗಟ್ಟಲೆ ವಿವರ, ಬಣ್ಣದ ಚಿತ್ರಗಳು, ವಿಶ್ವವಿದ್ಯಾಲಯಗಳ ಪಟ್ಟಿ. ಜರ್ಮನಿಗೆ ಅರ್ಧ ಪುಟ. ಬ್ರಿಟನ್, ಆಸ್ಟ್ರೇಲಿಯ, ಕೆನಡಾಗಳ ಅನೇಕ ಸಂಸ್ಥೆಗಳು ತಮಗೆ ವಿದ್ಯಾರ್ಥಿಗಳನ್ನು ತಂದುಕೊಡುವ ಏಜೆಂಟರಿಗೆ ಶುಲ್ಕದಲ್ಲಿ ಪಾಲು ಕೊಡುತ್ತವೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವೇ ಇಲ್ಲದಿರುವಾಗ ಪಾಲು ಎಲ್ಲಿಂದ ಬರಬೇಕು? ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಎಂಬುದು, ವರ್ಷದ ಜೀವನ ವೆಚ್ಚಕ್ಕೆ 11,904 ಯೂರೊಗಳನ್ನು, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ನಿರ್ಬಂಧಿತ ಖಾತೆಯಲ್ಲಿ ಇಡಬೇಕೆಂಬುದು, ಭಾರತೀಯರಿಗೆ 2022ರ ನವೆಂಬರಿನಿಂದ, ಓದಿನ ದಾಖಲೆಗಳು ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯವೆಂಬುದು, ಇವು ಒಂದೂ ಆ ಅರ್ಧ ಪುಟದಲ್ಲಿ ಇಲ್ಲ. ದೊಡ್ಡ ಪುಟಗಳಲ್ಲಿಯೂ ಬೇಕಾದ್ದು ತಪ್ಪಿಹೋಗಿದೆ: ಆಸ್ಟ್ರೇಲಿಯದ ವಿದ್ಯಾರ್ಥಿ ವೀಸಾ ಶುಲ್ಕ 2024ರ ಜುಲೈಯಲ್ಲಿ 710ರಿಂದ 1,600 ಆಸ್ಟ್ರೇಲಿಯ ಡಾಲರಿಗೆ, 2025ರ ಜುಲೈಯಲ್ಲಿ 2,000ಕ್ಕೆ ಏರಿದ್ದನ್ನು ಬರೆದಿಲ್ಲ. ಬ್ರಿಟನ್ನಿನಲ್ಲಿ ಓದಿದ ಮೇಲೆ ಎರಡು ವರ್ಷ ಕೆಲಸಕ್ಕೆ ಉಳಿಯಬಹುದು ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ, ಪಿಎಚ್‌ಡಿಯವರನ್ನು ಬಿಟ್ಟು, ಅದು 18 ತಿಂಗಳು. ಮುಂದಿನ ಸೆಪ್ಟೆಂಬರಿನಲ್ಲಿ ಸೇರುವವರೆಲ್ಲ ಈ ಹೊಸ ನಿಯಮದಡಿಯೇ ಬರುತ್ತಾರೆ. ಕಮಿಷನ್ ಬಗ್ಗೆ ನೇರವಾಗಿ ಕೇಳಿದಾಗ ಸಲಹೆಗಾರ ಮುಚ್ಚುಮರೆ ಮಾಡಲಿಲ್ಲ, ಬರುತ್ತದೆ ಎಂದೇ ಹೇಳಿದ. ಆ ಪ್ರಾಮಾಣಿಕತೆಗೆ ಮೆಚ್ಚುಗೆ ಇದೆ. ಅದೇ ಮಾತನ್ನು ವರದಿಯ ಮೊದಲ ಪುಟದಲ್ಲಿ ಅಚ್ಚು ಹಾಕಿದ್ದರೆ ಇನ್ನೂ ಮೆಚ್ಚುತ್ತಿದ್ದೆ.

ಹಿಂಬದಿಯ ಒಂದು ಪುಟ ಭಾರತವೂ ಈಗ ಜಗತ್ತಿನ ವಿದ್ಯಾಕೇಂದ್ರವಾಗಿದೆ ಎಂದು ಹೇಳಿ ಮುಗಿಸುತ್ತದೆ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯಂತೆ 2021-22ರಲ್ಲಿ ಇಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 46,878; ಒಟ್ಟು ದಾಖಲಾತಿ 4.33 ಕೋಟಿ. ಸಾವಿರಕ್ಕೆ ಒಬ್ಬರು ಎಂದರಾಯಿತು, ಅವರಲ್ಲಿಯೂ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ನೇಪಾಳದವರು. ಪುಣೆಯವರಿಗೆ ಈ ಸಂಖ್ಯೆ ಚಿಕ್ಕದೆನಿಸದಿರಬಹುದು, ಏಕೆಂದರೆ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಹುಡುಗರು ಚಹಾದ ಅಂಗಡಿಗಳ ಮುಂದೆ ನಿಂತಿರುವುದನ್ನು ದಶಕಗಳಿಂದ ಕಂಡ ಊರು ಇದು. ಫರ್ಗ್ಯುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಎಸ್. ಬಿ. ಮುಜುಮದಾರ್ ಅವರು 1971ರಲ್ಲಿ ಸಿಂಬಯೋಸಿಸ್ ಆರಂಭಿಸಿದ್ದೇ ಇಲ್ಲಿನ ವಿದೇಶಿ ವಿದ್ಯಾರ್ಥಿಗಳಿಗೆ ಒಂದು ಆಸರೆಯಾಗಲೆಂದು. ಒಂದೂರಿನ ಕಣ್ಣಿನ ಅಂದಾಜು ದೇಶದ ಸರಾಸರಿಯಲ್ಲ.

ಈಗ ಮೆಚ್ಚುವ ಭಾಗಕ್ಕೆ ಬರುತ್ತೇನೆ. ಒಳಕೋಣೆಯಲ್ಲಿ ದಾಖಲೆಗಳನ್ನು ನೋಡುವ ಮಧ್ಯವಯಸ್ಸಿನ ಮಹಿಳೆಯೊಬ್ಬರಿದ್ದಾರೆ, ಮರಾಠಿಯವರು. ಅವರು ಅಕ್ಕನ ಮಗಳ ಕಡತ ಬಿಚ್ಚಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಪಾಸ್‌ಪೋರ್ಟನ್ನೂ ಅಕ್ಕಪಕ್ಕ ಇಟ್ಟು, ಪೆನ್ಸಿಲಿನ ಹಿಂಬದಿಯಿಂದ ಹೆಸರಿನ ಒಂದೊಂದು ಅಕ್ಷರವನ್ನೂ ಮುಟ್ಟುತ್ತ ಓದಿದರು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ತಿ ಬಿಡಿಸಿ ಬರೆದು, ಅಡ್ಡಹೆಸರಿನ ಜಾಗ ಖಾಲಿ. ಪದವಿ ಪ್ರಮಾಣಪತ್ರದಲ್ಲಿ ಊರಿನ ಹೆಸರೂ ಸೇರಿಕೊಂಡಿದೆ. ಮೂರು ಕಾಗದಗಳಲ್ಲಿ ಮೂವರು ಹುಡುಗಿಯರು. ಮಹಾರಾಷ್ಟ್ರದಲ್ಲಿ ಅಡ್ಡಹೆಸರಿಲ್ಲದವರೇ ಇಲ್ಲವಾದ್ದರಿಂದ ಇಲ್ಲಿನ ಹಲವು ಕಚೇರಿಗಳಲ್ಲಿ ನಮ್ಮ ಕಡೆಯ ಹೆಸರುಗಳನ್ನು ಕಂಡು ಕಕ್ಕಾಬಿಕ್ಕಿಯಾಗುವವರನ್ನು ನೋಡಿದ್ದೇನೆ. ಈಕೆ ಹಾಗಲ್ಲ. ಅಡ್ಡಹೆಸರು ಖಾಲಿ ಇದ್ದರೆ ವೀಸಾದಲ್ಲಿ ಅದು ಹೇಗೆ ಅಚ್ಚಾಗಿ ಬರುತ್ತದೆ, ಆಮೇಲೆ ಅಲ್ಲಿನ ಬ್ಯಾಂಕಿನಲ್ಲಿ ಏನೇನು ತೊಡಕಾಗುತ್ತದೆ ಎಂದು ವಿವರಿಸಿ, ಅರ್ಜಿಗಳನ್ನು ಹಾಕುವ ಮುಂಚೆಯೇ ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳಲು ಹೇಳಿದರು. ಹಳೆಯ ಅಂಕಪಟ್ಟಿಗಳಿಗಾಗಿ, ಇವೆಲ್ಲ ಒಬ್ಬಳೇ ವ್ಯಕ್ತಿಯ ಹೆಸರುಗಳೆಂದು ನೋಟರಿ ಮುಂದೆ ಮಾಡಿಸುವ ಪ್ರಮಾಣಪತ್ರದ ಕರಡನ್ನು ಅಲ್ಲಿಯೇ ಬರೆದುಕೊಟ್ಟರು. ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರುಗಳ ಅಂಕಗಳ ಅಧಿಕೃತ ಪಟ್ಟಿ, ತರಿಸಲು ಕಾಲಾವಕಾಶ ಇಟ್ಟುಕೊಳ್ಳಬೇಕೆಂಬುದನ್ನು ಕೊನೆಯ ವಾರಕ್ಕೆ ಬಿಡದೆ ಮೊದಲ ದಿನವೇ ಹೇಳಿದರು.

ಈ ಕೋರ್ಸು ಯಾಕೆ ಬೇಕು ಎಂದು ವಿದ್ಯಾರ್ಥಿ ಅರ್ಜಿಯ ಜೊತೆ ಬರೆದುಕೊಡುವ ಉದ್ದೇಶ ಪತ್ರದ ವಿಷಯದಲ್ಲಿಯೂ ಅವರ ನಡೆ ಸರಿಯಾಗಿತ್ತು. ಬರೆದುಕೊಡಿ ಎಂದು ಕೇಳುವವರು ಬಹಳ, ಬರೆದುಕೊಡುವ ಅಂಗಡಿಗಳೂ ಬಹಳ. ಈಕೆ ಅಕ್ಕನ ಮಗಳು ಬರೆದದ್ದನ್ನು ಓದಿ, ಎರಡನೆಯ ಪ್ಯಾರಾದಲ್ಲಿ ಹೇಳಿದ ಪ್ರಾಜೆಕ್ಟನ್ನು ಯಾಕೆ ಮೂರು ಸಾಲಿಗೆ ಮುಗಿಸಿದೆ, ಅದನ್ನೇ ಬೆಳೆಸು ಎಂದು ಅಂಚಿನಲ್ಲಿ ಗುರುತು ಹಾಕಿ ಹಿಂದಿರುಗಿಸಿದರು. ಒಂದು ವಾಕ್ಯವನ್ನೂ ತಾವು ಬರೆಯಲಿಲ್ಲ. ದಾಖಲೆಗಳ ಸೇವೆಯ ಶುಲ್ಕ ವರದಿಗಿಂತ ಹೆಚ್ಚು, ಆದರೆ ಅದು ಒಬ್ಬ ಜಾಣ ಮಹಿಳೆಯ ಗಮನಕ್ಕೆ ಕೊಡುವ ಹಣ. ವರದಿಯನ್ನು ಅವರ ಕೈಗೆ ಕೊಟ್ಟಿದ್ದರೆ ಆಸ್ಟ್ರೇಲಿಯದ ಕಂಬ ಅಚ್ಚಿಗೆ ಹೋಗುತ್ತಿರಲಿಲ್ಲ ಎಂದು ನನಗೆ ನಂಬಿಕೆ.

ಈ ಕೇಂದ್ರಕ್ಕೆ ಹೋಗಬೇಕೆಂದಿರುವ ಕನ್ನಡದ ಕುಟುಂಬಗಳಿಗೆ ನಾನು ಹೇಳುವುದಿಷ್ಟು: ಉಚಿತ ಭೇಟಿಯಲ್ಲಿ ವರದಿಯನ್ನು ಅಲ್ಲಿಯೇ ತೆರೆಸಿ ನೋಡಿ, ಕೊಡುತ್ತಾರೆ. ಯಾವ ಸಂಖ್ಯೆ ಕಂಡರೂ ಅದರಲ್ಲಿ ಶಾಲಾಮಕ್ಕಳು ಸೇರಿದ್ದಾರೆಯೇ, ಓದು ಮುಗಿಸಿದವರು ಸೇರಿದ್ದಾರೆಯೇ, ಅದು ಒಂದು ದಿನದ್ದೋ ಇಡೀ ವರ್ಷದ್ದೋ, ಹೊಸದಾಗಿ ಸೇರಿದವರು ಎಷ್ಟು ಎಂದು ಕೇಳಿ. ಉತ್ತರ ಸಿಗದಿದ್ದರೆ ಆರು ಸಾವಿರವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ದಾಖಲೆಗಳ ಮೇಜಿಗೆ ನಡೆಯಿರಿ. ನಾವು ತಕರಾರು ಬರೆದುಕೊಟ್ಟ ಮೇಲೆ ವರದಿಯ ಶುಲ್ಕವನ್ನು ದಾಖಲೆ ಸೇವೆಯ ಬಿಲ್ಲಿನಿಂದ ಕಳೆಯಲು ವ್ಯವಸ್ಥಾಪಕರು ಒಪ್ಪಿದರು, ಜಿಎಸ್‌ಟಿ ಭಾಗವನ್ನು ಬಿಟ್ಟು. ಚಿತ್ರವನ್ನು ಮುಂದಿನ ಮುದ್ರಣದಲ್ಲಿ ತಿದ್ದುವುದಾಗಿಯೂ ಹೇಳಿದ್ದಾರೆ. ಹಳೆಯ ಪ್ರತಿಗಳು ಕಪಾಟಿನ ತುಂಬ ಇರುವುದರಿಂದ ಕೊಳ್ಳುವವರು ಮುದ್ರಣದ ತಿಂಗಳನ್ನು ನೋಡಿಕೊಳ್ಳುವುದು ಒಳ್ಳೆಯದು. ದಾಖಲೆಗಳ ಮೇಜು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮುಚ್ಚಿರುತ್ತದೆ, ಕೆಳಗೆ ವಾಹನ ನಿಲ್ಲಿಸಲು ಜಾಗವಿಲ್ಲ.